ಒಂದು ಖಣದ ಮೊಕದ್ದಮೆ

"ಎರಡು ದಾರಿ ಅದಾವ," ಎಂದರು ವಕೀಲ ಹನುಮಂತರಾಯಪ್ಪ.

ರಾಯದುರ್ಗದ ಕೋರ್ಟಿನ ಹೊರಗೆ ಈರಕ್ಕ ತಲೆ ತಗ್ಗಿಸಿ ಕೂತಿದ್ದಳು. ಗಂಡ ಜುಂಜಣ್ಣ ಪಕ್ಕದಲ್ಲಿ ನಿಂತಿದ್ದ. ಅತ್ತೆ ಮೈಲಾರಮ್ಮ ದೂರದಲ್ಲಿ ಗೋಡೆಗೊರಗಿ ಎಲೆಅಡಿಕೆ ಮೆಲ್ಲುತ್ತಿದ್ದಳು. ಸಂತೆಯ ದಿನ ಈರಕ್ಕ ಬಟ್ಟೆ ಅಂಗಡಿಯಲ್ಲಿ ಒಂದು ಕುಪ್ಪಸದ ಖಣವನ್ನು ಬುಟ್ಟಿಯ ತಳಕ್ಕೆ ಸೇರಿಸಿ, ಮೆಟ್ಟಿಲು ಇಳಿಯುವಾಗ ಸಿಕ್ಕಿಬಿದ್ದಿದ್ದಳು.

"ಕದ್ದಿಲ್ಲ ಅಂದ್ರ ವಿಚಾರಣಿ ನಡೀತೈತಿ. ನೋಡಿದಾವ ಅಂಗಡಿ ಗುಮಾಸ್ತ ಒಬ್ನೇ. ಆದ್ರೂ ಸೋತ್ರ ಜೈಲು. ಒಪ್ಪಿಕೊಂಡ್ರ, ಮೊದಲ್ನೇ ತಪ್ಪು ಅಂತ ಮುಚ್ಚಳಿಕೆ ಬರೆಸಿಕೊಂಡು ಬಿಡ್ತಾರ. ಅದಕ್ಕ ಒಬ್ರು ಜಾಮೀನು ನಿಲ್ಲಬೇಕು."

"ಗುಮಾಸ್ತನೇ ಬುಟ್ಟ್ಯಾಗ ಹಾಕ್ಯಾನ ಅನ್ನು," ಎಂದ ಜುಂಜಣ್ಣ.

"ಅವ ಹಾಕಿಲ್ಲ. ಸುಮ್ನ ಅವನ ಕೆಲ್ಸ ಹೋಗ್ತೈತಿ," ಎಂದಳು ಈರಕ್ಕ.

"ನಮ್ಮ ಮನಿ ಮರ್ಯಾದಿ ಹೋದ್ರ ನಡೀತೈತೇನು? ಕಳ್ಳಿ ಅಂತ ಒಪ್ಪಿಕೊಂಡ್ರ ನಾ ಜಾಮೀನು ನಿಲ್ಲಂಗಿಲ್ಲ."

ಒಳಗೆ ಕರೆದಾಗ ಈರಕ್ಕ ಒಪ್ಪಿಕೊಂಡಳು. ಯಾಕೆ ಕದ್ದೆ ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

"ಬೇಕನಿಸ್ತ್ರಿ."

ವಕೀಲರು ಹಣೆ ಒತ್ತಿಕೊಂಡರು. ಆಮೇಲೆ ಎದ್ದು, ಇದು ಮೊದಲ ತಪ್ಪೆಂದೂ ಹೆಂಗಸೆಂದೂ ಬಿನ್ನವಿಸಿದರು. ಮ್ಯಾಜಿಸ್ಟ್ರೇಟರು ತಲೆಯಾಡಿಸಿ, ಜಾಮೀನು ಯಾರದು ಎಂದರು. ಎಲ್ಲರೂ ಬಾಗಿಲ ಕಡೆ ನೋಡಿದರು. ಜುಂಜಣ್ಣ ಅಲ್ಲಿರಲಿಲ್ಲ. ಪೊಲೀಸಿನವನೊಬ್ಬ ಈರಕ್ಕನ ಹತ್ತಿರಕ್ಕೆ ಸರಿದ.

"ನಾನ್ರಿ," ಎನ್ನುತ್ತ ಒಳಬಂದಳು ಮೈಲಾರಮ್ಮ. ಸೊಸೆ ಕಾಲಿಟ್ಟ ದಿನದಿಂದ ಅವಳ ಅಡುಗೆಯನ್ನು, ನಡಿಗೆಯನ್ನು ಊರೆಲ್ಲ ಆಡಿಕೊಂಡು ಬಂದವಳು ಅವಳು.

"ನಿನ್ನ ಹೆಸರಿನಾಗ ಏನೈತಮ್ಮ?" ವಕೀಲರು ಕೇಳಿದರು.

"ತವರಿನೋರು ಕೊಟ್ಟ ಹೊಲ ಐತ್ರಿ."

"ಈಕಿ ಮತ್ತ ತಪ್ಪು ಮಾಡಿದ್ರ ಅದು ನಿನ್ನ ಕೈ ಬಿಡ್ತೈತಿ."

"ಬಿಡ್ಲಿ ಬಿಡ್ರಿ."

ಅವಳ ಹೆಬ್ಬೆಟ್ಟಿಗೆ ಮಸಿ ಹಚ್ಚಿದರು.

ಮರಳಿ ಹೋಗುವಾಗ ಜುಂಜಣ್ಣ ಬಹಳ ಮುಂದೆ ನಡೆದುಬಿಟ್ಟಿದ್ದ. ಅತ್ತೆ ಸೊಸೆ ಹಗರಿ ಹೊಳೆಯ ಮರಳಿಗಿಳಿದರು. ನೀರಿನ ಅಂಚಿನಲ್ಲಿ ಮೈಲಾರಮ್ಮ ನಿಂತಳು.

"ಯಾವ ಬಣ್ಣದ್ದು?"

ಈರಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಮೆಲ್ಲಗೆ, "ಗಿಳಿಹಸರು, ಅತ್ತಿ. ಕೆಂಪಂಚು," ಎಂದಳು.

ಮೈಲಾರಮ್ಮ ಕುಲದ ಕಟ್ಟಳೆಯಂತೆ ಎಂದೂ ಕುಪ್ಪಸ ತೊಡದ ತನ್ನ ತೋಳಿನ ಮೇಲೆ ಸೆರಗು ಎಳೆದುಕೊಂಡು, ತೆಳುವಾಗಿ ಹರಿಯುತ್ತಿದ್ದ ನೀರಿಗೆ ಕಾಲಿಟ್ಟಳು.