ಅರ್ಧ ಗುಳಿಗೆ

ದೇವಕ್ಕನ ಬೆರಳ ಗಂಟುಗಳು ಊದಿಕೊಂಡು ರೊಟ್ಟಿ ತಟ್ಟುವುದು ನಿಂತೇಹೋಗಿತ್ತು. ನಾಲ್ಕು ತಿಂಗಳಾದರೂ ಹಳೆಯ ಗುಳಿಗೆ ನಾಟುತ್ತಿಲ್ಲ, ಇನ್ನು ಇಂಜೆಕ್ಷನ್ನೋ ಹೊಸ ಗುಳಿಗೆಯೋ ಯೋಚಿಸಿ ಹೇಳಿ ಎಂದಿದ್ದರು ಶಿರಸಿಯ ಡಾಕ್ಟರು. ಯೋಚಿಸುವ ಕೆಲಸ ಮಗಳು ದಾಕ್ಷಾಯಿಣಿಯ ತಲೆಗೆ ಬಂತು. ಬರದೆ ಏನು? ಔಷಧಗಳ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವುದೇ ಅವಳ ಉದ್ಯೋಗ. ಬನವಾಸಿಯ ಮನೆಯಲ್ಲೇ ಕೂತು ಮಾಡುತ್ತಿದ್ದಳು.

ಆದರೆ ಆ ಎರಡನ್ನೂ ಎದುರುಬದುರು ನಿಲ್ಲಿಸಿ ನೋಡಿದ ಪುಣ್ಯಾತ್ಮರು ಒಬ್ಬರೂ ಇರಲಿಲ್ಲ. ಎಲ್ಲರೂ ಹೋಲಿಸಿದ್ದು ಹಳೆಯ ಗುಳಿಗೆಯೊಂದಿಗೆ. ಅದನ್ನೇ ಅಳತೆಗೋಲಾಗಿ ಹಿಡಿದು ಇವೆರಡನ್ನೂ ಅಳೆಯಬೇಕು. ಒಂಬತ್ತು ಅಧ್ಯಯನ ಸಿಕ್ಕವು. ಎಂಟನ್ನು ಸೇರಿಸಿದರೆ ಎರಡೂ ಸಮಸಮ. ಒಂಬತ್ತನೆಯದೂ ಸೇರಿದರೆ ಇಂಜೆಕ್ಷನ್ ಗೆದ್ದುಬಿಡುತ್ತಿತ್ತು. ಅವಳಿಗೆ ಅದು ಗೆಲ್ಲಬೇಕಾಗಿತ್ತು. ಅವ್ವನ ಕೈ ಸರಿಹೋಗುತ್ತದೆ ಎಂದು ಯಾರಾದರೂ ಗಟ್ಟಿಯಾಗಿ ಹೇಳಬೇಕಾಗಿತ್ತು. ಒಂಬತ್ತನೆಯದರಲ್ಲಿ ಒಂದೇ ಕೊಂಕು: ಇಂಜೆಕ್ಷನ್ನಿನ ಎದುರಿಗೆ ಹಳೆಯ ಗುಳಿಗೆಯನ್ನು ಅರ್ಧ ಪ್ರಮಾಣದಲ್ಲಿ ಕೊಟ್ಟಿದ್ದರು. ಪೈಲ್ವಾನನನ್ನು ಅರೆಹೊಟ್ಟೆಯಲ್ಲಿ ಕುಸ್ತಿಗಿಳಿಸಿ ಸೋಲಿಸಿದ ಹಾಗೆ. ಬೇರೆಯವರ ಕೆಲಸವಾಗಿದ್ದರೆ ಮುಲಾಜಿಲ್ಲದೆ ತೆಗೆದುಹಾಕುತ್ತಿದ್ದಳು. ಈಗ ಕೈ ಬರಲಿಲ್ಲ.

ಊಟವಾದ ಮೇಲೆ ಪಡಸಾಲೆಯಲ್ಲಿ ದೇವಕ್ಕ ಅಡಕತ್ತರಿಯನ್ನು ಎರಡೂ ಅಂಗೈಯಲ್ಲಿ ಒತ್ತಿ ಅಡಿಕೆಯನ್ನು ಹೋಳು ಮಾಡಿದಳು: ಒಂದು ತನಗೆ, ಒಂದು ಗಂಡ ಅಂದಾನಪ್ಪನಿಗೆ. ಆಮೇಲೆ ಅದೇ ಅಡಕತ್ತರಿಗೆ ತನ್ನ ಗುಳಿಗೆಯನ್ನಿಟ್ಟು ಕಟಕ್ ಎನಿಸಿದಳು.

“ಅವ್ವಾ! ಏನ್ ಮಾಡಾಕತ್ತಿ?”

“ಅರ್ಧ ನಿಮ್ಮಪ್ಪಂಗ. ಅವರ ಮೊಣಕಾಲೂ ನೋಯ್ತಾವಲ್ಲ. ಅಡಿಕಿ ಕೊಟ್ಟು ಗುಳಗಿ ಕೊಡಲಿಲ್ಲಂದ್ರ ಹೆಂಗ?”

“ಯಾವಾಗಿಂದ?”

“ಮೊದಲನೇ ದಿನದಿಂದ.”

ದಾಕ್ಷಾಯಿಣಿಗೆ ಸಿಟ್ಟೂ ನಗುವೂ ಅಳುವೂ ಒಟ್ಟಿಗೇ ಬಂದವು. ಹಳೆಯ ಗುಳಿಗೆ ಸೋತಿರಲೇ ಇಲ್ಲ. ಈ ಮನೆಯಲ್ಲೂ ಅದನ್ನು ಅರೆಹೊಟ್ಟೆಯಲ್ಲೇ ಕಣಕ್ಕಿಳಿಸಿದ್ದರು. ಒಳಗೆ ಹೋಗಿ ಒಂಬತ್ತನೆಯದನ್ನು ಪಟ್ಟಿಯಿಂದ ತೆಗೆದಳು. ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಇನ್ನು ಮೂರು ತಿಂಗಳು ಪೂರ್ತಿ ಗುಳಿಗೆ ಕೊಟ್ಟು ನೋಡೋಣ, ಯಜಮಾನರಿಗೆ ಮಾತ್ರ ಒಂದು ಚೂರೂ ಬೇಡ ಎಂದರು ಅವರು.

ಮರುದಿನ ದೇವಕ್ಕ ಇಡೀ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಅಡಕತ್ತರಿಯ ಕಡೆ ನೋಡಿದಳು. ಗಂಡನಿಗೆ ಕೊಡದೆ ತಾನೊಬ್ಬಳೇ ತಿಂದು ಅವಳಿಗೆ ರೂಢಿಯಿರಲಿಲ್ಲ.

ಅಂದಾನಪ್ಪ ಎಲೆಯಡಿಕೆ ಸಂಚಿಯ ಒಳಜೇಬು ಬಿಚ್ಚಿ ಅವಳ ಮಡಿಲಿಗೆ ಸುರಿದ. ಸುಣ್ಣ ಮೆತ್ತಿದ ಅರ್ಧ ಗುಳಿಗೆಗಳು, ನೂರಕ್ಕೂ ಮೇಲೆ.

“ಬ್ಯಾಡಂದ್ರ ನೀ ನೊಂದ್ಕೋತಿದ್ದಿ,” ಎಂದ. “ನಿನಗ ಕಡಿಮಿ ಬಿದ್ರ ಇರಲಿ ಅಂತ ಇಟ್ಟಿದ್ದೆ. ಈಗ ಕೈಯಾಗಿಂದು ನುಂಗು.”

ದೇವಕ್ಕ ನುಂಗಿದಳು, ಅಳುತ್ತಲೇ, ಪೂರ್ತಿ.