ಶಂಕರ್ ಮೇಷ್ಟ್ರು ಕಲಿಸಿದ ಪದ

ಪುಟ್ಟಲಕ್ಷ್ಮಮ್ಮ ಮಗಳ ಬೆನ್ನು, ತೋಳು, ಅಂಗೈ ಎಲ್ಲ ತಿರುಗಿಸಿ ನೋಡಿದಳು. ಒಂದು ಬಾಸುಂಡೆಯೂ ಇರಲಿಲ್ಲ. ಆದರೂ ಪ್ರಿಯಾಂಕ ಸೋಮವಾರದಿಂದ ಸ್ಕೂಲಿನ ಹೆಸರೆತ್ತಿದರೆ ಸಾಕು, ಅಳುತ್ತಿದ್ದಳು. ಎಸ್ಸೆಸ್ಸೆಲ್ಸಿ ವರ್ಷ ಬೇರೆ. ಹೀಗೇ ಮೂಲೆ ಹಿಡಿದರೆ ಓದು ಅಲ್ಲಿಗೆ ಮುಗಿದಂತೆಯೇ.

ಕೊನೆಗೂ ಬಾಯಿ ಬಿಟ್ಟಳು. ಇಂಗ್ಲಿಷ್ ಪಾಠದ ಶಂಕರ್ ಮೇಷ್ಟ್ರು ಬೋರ್ಡಿನ ಮೇಲೆ 'ಎಕ್ಸ್‌ಕೋರಿಯೇಟ್' ಎಂದು ಬರೆದರಂತೆ. ಲ್ಯಾಟಿನ್ನಿನಲ್ಲಿ 'ಕೋರಿಯಂ' ಅಂದರೆ ಚರ್ಮ, 'ಎಕ್ಸ್' ಅಂದರೆ ಹೊರಗೆ. ಮೊದಲು ನಿಜವಾಗಿ ಚರ್ಮ ಸುಲಿಯುವುದಕ್ಕಿದ್ದ ಪದ, ಈಗ ಮಾತಿನಲ್ಲೇ ಸುಲಿಯುವುದಕ್ಕೆ ಬಂದು ನಿಂತಿದೆ ಎಂದರಂತೆ. ಅಷ್ಟಕ್ಕೇ ಬಿಟ್ಟರೇ ಪುಣ್ಯಾತ್ಮರು? ಉದಾಹರಣೆಗೆಂದು ಪ್ರಿಯಾಂಕಳನ್ನು ಎದ್ದು ನಿಲ್ಲಿಸಿದರು. ಅವಳ ಉಚ್ಚಾರ, ತಲೆಗೆ ಮೆತ್ತಿದ ಹರಳೆಣ್ಣೆ, ಕಂಡವರ ಗದ್ದೆಯಲ್ಲಿ ಕಳೆ ಕೀಳುವ ಅವ್ವ, ಯಾವುದನ್ನೂ ಬಿಡದೆ ಪೀರಿಯಡ್ಡು ಮುಗಿಯುವವರೆಗೂ ಜಾಡಿಸಿದರು. ಈಗ ಪದದ ಅರ್ಥವಾಯಿತೇ ಎಂದು ಕೇಳಿದಾಗ ಇಡೀ ಕ್ಲಾಸು ನಕ್ಕಿತಂತೆ.

ಮರುದಿನ ಪುಟ್ಟಲಕ್ಷ್ಮಮ್ಮ ಮಗಳಿಗೆ ಯೂನಿಫಾರಂ ಹಾಕಿಸಿ, ಚಿನಕುರಳಿಯಿಂದ ಪಾಂಡವಪುರದ ಬಸ್ಸು ಹತ್ತಿಸಿ ತಾನೂ ಹತ್ತಿದಳು.

ಸ್ಟಾಫ್‌ರೂಮಿನಲ್ಲಿ ಮೇಷ್ಟ್ರು ಕುರ್ಚಿಯಿಂದ ಏಳಲಿಲ್ಲ, ಇವಳಿಗೆ ಕೂರು ಅನ್ನಲೂ ಇಲ್ಲ. ತಾನು ಮೈ ಮುಟ್ಟಿಲ್ಲ, ಬೇಕಾದವರಿಗೆ ಹೋಗಿ ಹೇಳಿಕೊಳ್ಳಲಿ ಎಂದರು. ನನ್ನ ಮಗಳು ಮಾಡಿದ ತಪ್ಪಾದರೂ ಏನು ಎಂದು ಇವಳು ಕೇಳಿದರೆ ನಕ್ಕುಬಿಟ್ಟರು. ಇವಳ ಕೈ ಚಪ್ಪಲಿಯ ಕಡೆಗೆ ಹೋಗುವುದೊಂದು ಬಾಕಿಯಿತ್ತು.

"ಸೇರಿಸುವಾಗ ನೀನೇ ಹೇಳಲಿಲ್ವೇನಮ್ಮ? ಕಣ್ಣೆರಡು ಬಿಟ್ಟು ಚರ್ಮ ಸುಲೀರಿ ಮೇಷ್ಟ್ರೇ ಅಂತ?"

ಹೇಳಿದ್ದಳು, ಸುಳ್ಳಲ್ಲ. ಮಕ್ಕಳನ್ನು ಒಪ್ಪಿಸುವಾಗ ಆ ಕಡೆಯವರೆಲ್ಲ ಕೈಮುಗಿದು ಹೇಳುವ ಮಾತದು. ತಾನು ಚಿಕ್ಕವಳಿದ್ದಾಗ ತನ್ನ ಅಪ್ಪನೂ ಹೇಳಿದ್ದ. ಕೇಳಿದ ಆಗಿನ ಮೇಷ್ಟ್ರು ಅವಳ ತಲೆ ಸವರಿ ಒಳಗೆ ಕರೆದುಕೊಂಡಿದ್ದರು. ಮರ್ಯಾದೆಗೆ ಆಡಿದ ಮಾತನ್ನು ಯಾವನಾದರೂ ಹಕ್ಕು ಅಂದುಕೊಳ್ಳುತ್ತಾನೆಯೇ! ಬಾಗಿಲಾಚೆ ನಿಂತಿದ್ದ ಮಗಳನ್ನು ಒಳಗೆಳೆದು ಅವರೆದುರು ನಿಲ್ಲಿಸಿದಳು. ಅತ್ತೂ ಅತ್ತೂ ರೆಪ್ಪೆ ಊದಿ, ಹುಡುಗಿಗೆ ಕಣ್ಣು ಸರಿಯಾಗಿ ತೆರೆಯಲೂ ಆಗುತ್ತಿರಲಿಲ್ಲ.

"ನೋಡಿ ಸಾ. ಕಣ್ಣು ಬುಡಿ ಅಂದಿದ್ದೆ. ಅದುನ್ನೂ ಬುಡ್ನಿಲ್ವಲ್ಲ ನೀವು."

ಮೇಷ್ಟ್ರು ಹುಡುಗಿಯ ಮುಖ ನೋಡಲಿಲ್ಲ. ಇಂಗ್ಲಿಷ್ ಪೀರಿಯಡ್ಡಿನ ಬೆಲ್ಲು ಹೊಡೆಯಿತು. ಪುಟ್ಟಲಕ್ಷ್ಮಮ್ಮ ಮಗಳ ಕೈ ಹಿಡಿದು ನೇರ ಹತ್ತನೇ ಕ್ಲಾಸಿಗೆ ಹೋಗಿ, ಮೊದಲ ಬೆಂಚಿನಲ್ಲಿ ಅವಳನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಹಿಂದೆ ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತರು.

"ಬನ್ನಿ ಸಾ, ಪಾಠ ಮಾಡಿ. ನಾನೂ ಕೇಳ್ತೀನಿ."