ಯಾವ ಹೂಂ

ಹೆಂಡತಿಯ ಸಮಾಧಿ ಗುಂಡಿಗೆ ಕೊನೆಯ ಹಿಡಿ ಮಣ್ಣು ಹಾಕಿ ದರ್ಜಿ ಕೈ ಕೊಡವಿಕೊಳ್ಳುತ್ತಿದ್ದಾಗಲೇ ಬಾಮೈದ ಅವನ ಕಿವಿಯ ಹತ್ತಿರ ಬಾಗಿದ.

"ಭಾವ, ಇವತ್ತೇ ನಮ್ಮನೆಗೆ ಹೊರಟುಬಿಡೋಣ. ಹಿತ್ತಲ ಶೆಡ್ಡಿಗೊಂದು ಬೀಗ ಜಡಿದರಾಯ್ತು. ಆ ಭಾನುವಾರದ ಕ್ಲಾಸು ಅಕ್ಕನ ಜೊತೆಗೇ ಮುಗೀತು ಅಂದ್ಕೊಳ್ಳಿ."

"ಹೂಂ" ಎಂದ ದರ್ಜಿ.

ಎಂದವನೇ ಬೆಚ್ಚಿದ. ಈ ಪುಟ್ಟ ಶಬ್ದಕ್ಕೆ ಅವಳು ಎಷ್ಟು ಹೆದರುತ್ತಿದ್ದಳೆಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತು?

*

ಶಾಲೆಯಲ್ಲಿ ತೋಟದ ಪಾಠ ಹೇಳುತ್ತಿದ್ದವಳು ತಲೆ ಮುಕ್ಕಾಲು ನರೆತ ಮೇಲೆ ಕೃಷಿ ಶಿಕ್ಷಣದಲ್ಲಿ ಎಂ.ಎಸ್ಸಿ. ಮಾಡುತ್ತೇನೆಂದು ಹೊರಟಳು. ಕಂಡಕ್ಟರು "ಮಗಳನ್ನ ಕಾಲೇಜಿಗೆ ಸೇರಿಸೋಕಾ ಅಮ್ಮ?" ಅಂದರೆ "ಇಲ್ಲಪ್ಪ, ನನ್ನನ್ನೇ" ಎನ್ನುತ್ತಿದ್ದಳು.

ಸಂಶೋಧನೆಗೆಂದು ಬೆಳೆಗಾರರಿಗೆ ಕಸಿ ಕಟ್ಟುವುದನ್ನು ಕಲಿಸಿದಳು. ಅರ್ಥ ಆಯ್ತಾ ಎಂದು ಕೇಳಿದಾಗ ಎಲ್ಲರೂ ಹೂಂ ಅಂದಿದ್ದರು. ಆಮೇಲೆ ಅವರವರ ತೋಟಕ್ಕೆ ಹೋಗಿ ನೋಡಿದರೆ ಕಸಿಗಳೆಲ್ಲ ಒಣಗಿ ಕಡ್ಡಿ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತಲ್ಲ ಎಂದು ಹೊಲಿಗೆ ಯಂತ್ರದ ಪಕ್ಕ ಕೂತು ಗಂಡನ ಹತ್ತಿರ ಹೇಳಿಕೊಂಡಳು. ಅವನು ಗುಂಡುಸೂಜಿ ಕಚ್ಚಿಕೊಂಡೇ ಹೂಂಗುಟ್ಟಿದ.

"ನಾನೇನು ಹೇಳಿದೆ, ಹೇಳಿ ನೋಡೋಣ."

ದರ್ಜಿ ಸೂಜಿ ತೆಗೆದು ಯೋಚಿಸಿದ. "ಯಾರದೋ ಏನೋ ಒಣಗಿತು ಅಂದ್ಯಲ್ಲ... ಬಟ್ಟೆನಾ?"

ಅವಳ ನಗುವಿಗೆ ಪಕ್ಕದ ಅಂಗಡಿಯವನು ಇಣುಕಿ ಹೋದ. ನಕ್ಕು ಸುಮ್ಮನಾದವಳು, "ಹೂಂ ಅಂದ್ರೆ ಗೊತ್ತಾಯ್ತು ಅಂತಲ್ಲ ಕಣ್ರೀ. ಕೇಳಿಸ್ತಿದೆ, ಮುಂದಕ್ಕೆ ಹೇಳು ಅಂತ, ಅಷ್ಟೆ. ನಾನು ಕೇಳಿದ ಪ್ರಶ್ನೆನೇ ತಪ್ಪು" ಎಂದಳು. ಪ್ರಬಂಧಕ್ಕೆ ಜೀವ ಬಂದದ್ದು ಅಲ್ಲಿ. ಕಲಿತವರು ಕಲಿಯದವರಿಗೆ ತಿರುಗಿ ಹೇಳಿಕೊಟ್ಟರೇ ಕಲಿತಂತೆ ಎಂದು ಬರೆದಳು. ಪದವಿ ಬಂತು, ಹಿತ್ತಲ ಶೆಡ್ಡಿನಲ್ಲಿ ಪ್ರತಿ ಭಾನುವಾರ ಕಸಿ ಕಟ್ಟುವ ಕ್ಲಾಸೂ ಶುರುವಾಯಿತು.

ಮೊನ್ನೆ ಆಸ್ಪತ್ರೆಯ ಮಂಚದಲ್ಲಿ ಅವನ ಕೈ ಹಿಡಿದು, "ಕ್ಲಾಸು ನಿಲ್ಲಬಾರದು" ಅಂದಿದ್ದಳು.

"ಹೂಂ."

"ಇದು ಯಾವ ಹೂಂ?"

ಅಷ್ಟರಲ್ಲಿ ನರ್ಸ್ ಬಂದಳು. ಆ ಮಾತು ಮತ್ತೆ ಮುಂದುವರಿಯಲಿಲ್ಲ.

*

ಮನೆಗೆ ಬಂದರೆ ಕ್ಲಾಸಿನವರು ಶೆಡ್ಡಿನ ಮುಂದೆಯೇ ನಿಂತಿದ್ದರು. ಬಾಮೈದ ಬೀದಿಯಲ್ಲಿ ಕಾರು ಚಾಲೂ ಮಾಡಿಕೊಂಡು ಕಾಯುತ್ತಿದ್ದ.

"ಮುಚ್ಚಿಬಿಡ್ತೀರಂತೆ ಯಜಮಾನ್ರೇ?" ಹಾಲು ಮಾರುವಾಕೆ ಕೇಳಿದಳು.

"ನಾನು ಅರಿವೆ ಕತ್ತರಿಸೋನು ಕಣಮ್ಮ. ನಿಮಗೆ ಏನಂತ ಹೇಳಿಕೊಡಲಿ?"

"ಹೇಳಿಕೊಡೋರಿಗೇನು ಬರ," ಎಂದ ಮೀಸೆಯ ಬೆಳೆಗಾರ. "ಇಲ್ಲಿ ಎಲ್ಲರೂ ಪಂಡಿತರಾಗಿ ಕೂತಿದ್ದೀವಿ. ಏನೂ ಗೊತ್ತಿಲ್ಲದೋರು ಒಬ್ಬರು ಬೇಕು, ಅವರಿಗೆ ಅರ್ಥ ಆದ್ರೆ ನಾವು ಕಲಿತ ಹಾಗೆ. ಆ ಕೆಲಸಕ್ಕೆ ನಿಮ್ಮಷ್ಟು ಯೋಗ್ಯರು ಊರಲ್ಲೇ ಸಿಗಲ್ಲ."

"ಸಾವಿನ ಮನೇಲಿ ಏನು ಮಾತಯ್ಯ ನಿಂದು," ಎಂದು ಹಾಲಿನಾಕೆ ಗದರಿಕೊಂಡಳು. ಆದರೆ ಅವಳ ತುಟಿಯೂ ಅಲುಗಿತ್ತು. ದರ್ಜಿಗೂ ನಗು ಬಂತು. ದೇವರು ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ ಕೊಡುತ್ತಾನೆ. ತನಗೆ ಈ ವಿದ್ಯೆ ಕೊಡದೆ ಬಿಟ್ಟದ್ದಕ್ಕೂ ಅವನ ಲೆಕ್ಕದಲ್ಲಿ ಒಂದು ಕಾರಣ ಇದ್ದೀತು ಅನಿಸಿತು. ಒಳಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತ.

ಹಾಲಿನಾಕೆ ಗಿಡದ ಕಾಂಡ ಸೀಳಿ, ಚೂಪು ಮಾಡಿದ ಕಡ್ಡಿಯನ್ನು ಅದರೊಳಗೆ ಕೂರಿಸಿ ಪಟ್ಟಿ ಸುತ್ತಿದಳು. "ಸಿಪ್ಪೆಗೆ ಸಿಪ್ಪೆ ಕೂಡಬೇಕು. ಗೊತ್ತಾಯ್ತಾ?"

ಬಾಯಿಗೆ ಬಂದ 'ಹೂಂ' ಅನ್ನು ಅವನು ನುಂಗಿಕೊಂಡ.

"ಇಲ್ಲ ಕಣಮ್ಮ. ಎರಡು ಕಡೆ ಸಿಪ್ಪೆನೂ ಕೂಡಬೇಕಾ, ಒಂದು ಕಡೆದು ಸಾಕಾ?"

ಹಾಲಿನಾಕೆ ಮೀಸೆಯವನ ಮುಖ ನೋಡಿದಳು. ಮೀಸೆಯವನು ಸೂರು ನೋಡಿದ. "ತಡೀರಿ," ಎಂದು ಆಕೆ ಸುತ್ತಿದ ಪಟ್ಟಿಯನ್ನು ಬಿಚ್ಚತೊಡಗಿದಳು.

ಬೀದಿಯಲ್ಲಿ ಕಾರಿನ ಸದ್ದು ನಿಂತಿತು. ಬಾಮೈದ ಶೆಡ್ಡಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿದ. ಆಮೇಲೆ ಖಾಲಿ ಕುಂಡವೊಂದನ್ನು ಮಗುಚಿ ಹಾಕಿ, ಬಿಳಿ ಅಂಗಿಯ ತೋಳು ಮಡಿಸಿಕೊಂಡು, ಕತ್ತು ಉದ್ದ ಮಾಡಿ ಎಲ್ಲರ ಹಿಂದೆ ಕೂತ.